ಜುಲೇಖಾಗೆ ಕಾಣದ ಪದರ

ತಿಕೋಟಾದ ಹೈಸ್ಕೂಲಿಗೆ ಸೂಕ್ಷ್ಮದರ್ಶಕ ಬಂದದ್ದು ೧೯೭೪ರಲ್ಲಿ. ವಿಜಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ವಿಜ್ಞಾನದ ಶಿಕ್ಷಕಿ ಗುರುಬಾಯಿಗೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಾಠ ಅನುಲೇಪಕ ಅಂಗಾಂಶದ್ದು. ನಮ್ಮ ಮೈಯನ್ನು ಒಳಗೂ ಹೊರಗೂ ಹೊದ್ದುಕೊಂಡಿರುವ ಪದರ. ಕೆನ್ನೆಯ ಒಳಗೆ ಫರಸಿ ಕಲ್ಲು ಹಾಸಿದಂತೆ ಚಪ್ಪಟೆ ಕೋಶಗಳು, ಮೂತ್ರಪಿಂಡದ ನಳಿಕೆಗಳಲ್ಲಿ ಘನಾಕಾರದವು, ಕರುಳಲ್ಲಿ ಕಂಬದಂಥವು, ಶ್ವಾಸನಾಳದ ಕಂಬಗಳಿಗೆ ತುದಿಯಲ್ಲಿ ಕೂದಲು ಬೇರೆ. ಎಲ್ಲವನ್ನೂ ಪಟಪಟ ಹೇಳಿ, ಹಲಗೆಯ ಮೇಲೆ ಚಿತ್ರ ಬರೆದು, ತನ್ನ ಕೆನ್ನೆಯನ್ನೇ ಒಳಗಿನಿಂದ ಕಡ್ಡಿಯಲ್ಲಿ ಕೆರೆದು ಗಾಜಿನ ಪಟ್ಟಿಗೆ ಸವರಿದಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಬೆಳ್ಳಗಿನ ಒಂದು ವೃತ್ತ. ಇಷ್ಟೇ ಇರಬೇಕು ಎಂದುಕೊಂಡಳು ಪುಣ್ಯಾತ್ಗಿತ್ತಿ!

ಮಕ್ಕಳು ಸಾಲಾಗಿ ಬಂದು, ಬಗ್ಗಿ, "ಕಂಡಿತ್ರಿ ಬಾಯಾರ" ಎನ್ನುತ್ತ ಹೋದರು. ಹಲಗೆ ನೋಡಿ ಚಂದಾಗಿ ಚಿತ್ರ ತೆಗೆದರು. ಜುಲೇಖಾ ಮಾತ್ರ ತಲೆ ಎತ್ತಿ, "ಏನೂ ಕಾಣವಲ್ದರೀ. ಬರೇ ಬೆಳಕೈತ್ರಿ" ಎಂದಳು.

"ಎಲ್ಲಾರಿಗೂ ಕಂಡೈತಿ. ನಿನಗೊಬ್ಬಾಕಿಗೆ ಕಾಣಂಗಿಲ್ಲಂದ್ರ ನಿನ್ನ ಕಣ್ಣಾಗ ದೋಷ ಐತಿ. ಮನ್ಯಾಗ ಹೇಳು ಹೋಗು."

ಸಂಜೆ ಸಾಮಾನು ಎತ್ತಿಡುವಾಗ, ಕೆನ್ನೆಯದು ಸವರಿದ್ದ ಗಾಜು ಡಸ್ಟರಿನ ಕೆಳಗೆ ಸಿಕ್ಕಿತು. ಸೂಕ್ಷ್ಮದರ್ಶಕದಲ್ಲಿದ್ದದ್ದು ಬರೀ ಗಾಜು. ಗುರುಬಾಯಿಯ ಮುಖ ಸುಟ್ಟಂತಾಯಿತು. ಆದರೂ ಯಾರಿಗೆ ಗೊತ್ತಾಗುತ್ತದೆ ಎಂದು ಸುಮ್ಮನಾದಳು.

ವಾರ ಕಳೆದರೂ ಜುಲೇಖಾ ಶಾಲೆಗೆ ಬರಲಿಲ್ಲ. ವಿಚಾರಿಸಿದರೆ, ಅವಳ ಅಜ್ಜಿಗೆ ಸಣ್ಣ ವಯಸ್ಸಿನಲ್ಲೇ ಕಣ್ಣು ಹೋಗಿದ್ದವಂತೆ. ಓದಿ ಓದಿ ಮಗಳದೂ ಹೋದಾವೆಂದು ಅಪ್ಪ ಬುಡ್ಡೇಸಾಬ ಶಾಲೆ ಬಿಡಿಸಿದ್ದನಂತೆ. ಗುರುಬಾಯಿ ಅಂದು ಶಾಲೆ ಬಿಟ್ಟದ್ದೇ ಅವರ ಮನೆಗೆ ಹೋದಳು.

"ಹುಡುಗಿ ಕಣ್ಣು ಛಲೋ ಅದಾವ್ರಿ. ಆವತ್ತ ಯಂತ್ರನ ಸರಿ ಇರಲಿಲ್ಲ" ಎಂದಳು. ಮಾನ ಉಳಿಸಿಕೊಳ್ಳಲು ಅಷ್ಟು ಸಾಕೆಂದು ಅವಳ ಲೆಕ್ಕ.

ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದಿದ್ದ ಬುಡ್ಡೇಸಾಬ ತಲೆ ಅಲ್ಲಾಡಿಸಿದ. "ನಮ್ಮನ್ನ ಸಮಾಧಾನ ಮಾಡಾಕ ಹೇಳಾಕತ್ತೀರಿ ಬಾಯಾರ. ಯಂತ್ರ ಕೆಟ್ಟಿದ್ರ ಉಳಿದ ಮಕ್ಕಳಿಗೆಲ್ಲಾ ಹೆಂಗ ಕಂಡಿತ್ರಿ? ಬ್ಯಾಡ್ರಿ, ಅಕಿ ಮನ್ಯಾಗ ಇರ್ಲಿ."

ಬಾಗಿಲಲ್ಲಿ ಜುಲೇಖಾಳ ಪಕ್ಕ ನಿಂತಿದ್ದ ತಾಯಿ ಸುಗರಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಬಾಯಿಗೆ ಇನ್ನು ಅಡಗಲು ಜಾಗವಿರಲಿಲ್ಲ.

"ಯಾರಿಗೂ ಕಂಡಿಲ್ರಿ. ನಾ ಖಾಲಿ ಗಾಜು ಇಟ್ಟಿದ್ದೆ. ನನಗೂ ಏನೂ ಕಂಡಿಲ್ಲ. ನಾ ಕಾಲೇಜಿನ್ಯಾಗ ಕಲಿಯೋ ಮುಂದೂ ಕಂಡಿರಲಿಲ್ರಿ, ಎಲ್ಲಾರೂ ಅಂದ್ರಂತ ಕಂಡೈತಿ ಅಂದಿದ್ದೆ. ಖರೇ ಹೇಳಿದಾಕಿ ನಿಮ್ಮ ಮಗಳೊಬ್ಬಾಕಿ."

"ನಾಳಿಂದ ಬರ್ತಾಳ್ರಿ" ಎಂದ ಬುಡ್ಡೇಸಾಬ.

ಗುರುಬಾಯಿ ಜುಲೇಖಾಳತ್ತ ನೋಡಿದಳು. ಹುಡುಗಿ ನಕ್ಕಿದ್ದರೆ, ಸಿಟ್ಟಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ತಪ್ಪು ತನ್ನದೇ ಎಂಬಂತೆ ಜುಲೇಖಾ ನೆಲ ನೋಡುತ್ತ ನಿಂತಿದ್ದಳು; ಬಾಯಾರ ಮುಖ ನೋಡಲು ಅವಳಿಗೇ ನಾಚಿಕೆಯಾಗಿತ್ತು.