ಚೀವರ ಕೊಡುವ ಕೈ

ಮನೋಹರ ಭಿಕ್ಕುವಾಗಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಎಲ್ಲರಿಗಿಂತ ಮೊದಲು ನಕ್ಕವಳು ಮಲ್ಲಿಗಮ್ಮನೇ. ಕೂತವನು ಅವಳ ತಮ್ಮನ ಮಗ, ಹಾಸನ–ಅರಕಲಗೂಡು ಬಸ್ಸಿನ ಕಂಡಕ್ಟರ್. ಬ್ಯಾಗು ಹೊತ್ತು ಹೊತ್ತು ಒಂದು ಕಡೆ ವಾಲಿದ್ದ ಅವನ ಹೆಗಲಿಗೆ ಅಕ್ಕ ಬಿಂದುಶ್ರೀ ಹಳದಿ ಬೆಡ್‌ಶೀಟ್ ಹೊದಿಸಿ, "ಹಲ್ಲು ಕಿಸೀಬೇಡ, ಕಣ್ಣು ಕೆಳಗಿಡು" ಎಂದು ಗದರಿದಳು.

"ಭಂತೇ, ಒಂದು ಅರಕಲಗೂಡು ಕೊಡಿ," ಅಂದಳು ಮಲ್ಲಿಗಮ್ಮ.

"ಚಿಲ್ರೆ ಇದ್ರೆ ಕೈ ಮುಗೀರಿ, ಇಲ್ದಿದ್ರೆ ಇಳ್ಕಳಿ," ಅಂದ ಭಿಕ್ಕು.

ಹಾಲಿನಲ್ಲಿ ಕೂತವರೆಲ್ಲ ಗೊಳ್ಳೆಂದರು. ಹಾಸನದ ವಿಹಾರದ ಮೇಲಂತಸ್ತಿನಲ್ಲಿ ಆ ಭಾನುವಾರ ನಡೆಯುತ್ತಿದ್ದದ್ದು ಥಾಯ್ಲೆಂಡಿಗೆ ಹೊರಟವರ ತರಗತಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಬಂದವರು. ಕೂಲಿಯವರು, ಮೇಷ್ಟ್ರುಗಳು, ಪಂಚಾಯ್ತಿ ನೌಕರರು. ಯಾವ ದೇವರ ಬಾಗಿಲ ಹೊರಗೆ ಅಜ್ಜಂದಿರು ನಿಂತು ಸವೆದರೋ ಆ ದೇವರಿಗೆ ಬೆನ್ನು ಹಾಕಿ ಬುದ್ಧನ ಕಡೆ ನಡೆದು ಬಂದ ಕುಟುಂಬಗಳು. ಭಿಕ್ಕುಗಳು ಒಂದೇ ಕಡೆ ನೆಲೆ ನಿಲ್ಲುವ ಮಳೆಗಾಲದ ವಾಸ ಮುಗಿದ ಮೇಲೆ ಅಲ್ಲಿನ ವಿಹಾರಗಳಲ್ಲಿ ಭಿಕ್ಕುಗಳಿಗೆ ಚೀವರ, ಅಂದರೆ ಅವರು ಹೊದೆಯುವ ಕಾವಿ ಬಟ್ಟೆ, ಕೊಡುವ ಹಬ್ಬವಿರುತ್ತದೆ. ಅದಕ್ಕೆ ಇವರಿಗೂ ಕರೆ ಬಂದಿತ್ತು. ಬಿಂದುಶ್ರೀ ಹಾಸನದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದವಳು. ಹಿಂದೆ ಒಂದು ಮಳೆಗಾಲವಿಡೀ ಕರೆ ಕಳಿಸಿದ ಥಾಯ್ ವಿಹಾರದಲ್ಲೇ ಇದ್ದು ಬಂದವಳು. ಹಾಗಾಗಿ ಮೇಡಂ ಅವಳೇ.

ಮೇಡಂ ಬೆಳಗ್ಗೆಯಿಂದ ಹೇಳುತ್ತಲೇ ಇದ್ದಳು. ಅಲ್ಲಿ ಯಾರ ತಲೆಯನ್ನೂ ಮುಟ್ಟಬಾರದು, ಮುದ್ದಿಗೆಂದು ಮಗುವಿನ ತಲೆ ಸವರುವುದೂ ಬೇಡ. ಬುದ್ಧನ ಕಡೆಗೆ, ಮನುಷ್ಯರ ಕಡೆಗೆ ಅಂಗಾಲು ತೋರಿಸಿ ಕೂರಬಾರದು. ಕಿರಿಯರು ಮೊದಲು ಕೈ ಮುಗಿಯಬೇಕು, ಹಿರಿಯರು ತಿರುಗಿ ಮುಗಿಯುತ್ತಾರೆ. ಭಿಕ್ಕು ಮಾತ್ರ ಯಾರಿಗೂ ತಿರುಗಿ ಮುಗಿಯುವುದಿಲ್ಲ.

"ಅದೊಂದು ನಮಗೆ ಕಷ್ಟ ಆಗಾಕಿಲ್ಲ ಬುಡವ್ವ," ಅಂದ ಮಲ್ಲಿಗಮ್ಮನ ಗಂಡ ಬೈರಯ್ಯ. "ಮುಗ್ದು ಮುಗ್ದು ತಿರುಗಿ ಮುಗಿಸ್ಕಳ್ದೇನೇ ಕೂದಲು ನೆರೆತಾವೆ."

"ಕೂತಿರೋ ಹಿರಿಯರ ಮುಂದೆ ಹಾದು ಹೋಗುವಾಗ ಸ್ವಲ್ಪ ಬಗ್ಗಿ ಹೋಗಬೇಕು ಮಾವ."

"ಬಗ್ಗಾದಕ್ಕೂ ನಮಗೆ ಟ್ರೈನಿಂಗಾ ಮೇಡಂ?" ದಂಡಿಗನಹಳ್ಳಿಯ ಮೋಹನ್‌ಕುಮಾರ್ ಹಿಂದಿನಿಂದ ಕೂಗಿದ. "ನೆಟ್ಟಗೆ ನಿಲ್ಲಾದ್ನ ಕಲ್ತು ಈಗಿನ್ನೂ ಒಂದು ತಲೆಮಾರಾಗದೆ."

"ಅಲ್ಲಿ ಎಂಥಾ ಆಫೀಸರ್ ಆದರೂ ಮುದುಕಿ ಮುಂದೆ ತಲೆ ತಗ್ಗಿಸಿಯೇ ಹೋಗೋದು. ಬಗ್ಗೋದು ಒಂದು ಕೇರಿಗೆ ಮಾತ್ರ ಬರೆದಿಟ್ಟಿಲ್ಲ."

ಈ ಮಾತು ಮಲ್ಲಿಗಮ್ಮನಿಗೆ ಹಿಡಿಸಿತು. ಎಲ್ಲರೂ ಬಗ್ಗುವ ದೇಶವಾದರೆ ತಾನೂ ಬಗ್ಗಿಯಾಳು. ಅಂಥ ದೇಶ ನೋಡಲೆಂದೇ ಅವಳು ಹೊರಟದ್ದು. ಜೊತೆಗೆ ಅವಳ ತೊಡೆಯ ಮೇಲಿನ ಚೀಲದಲ್ಲಿ ಕೇರಿಯ ಹೆಂಗಸರೆಲ್ಲರ ಆಸೆ ಮಡಿಕೆಯಾಗಿ ಕೂತಿತ್ತು.

ಅರಕಲಗೂಡಿನ ಹತ್ತಿರದ ಅವಳ ಕೇರಿಯಲ್ಲಿ ಹೆಂಗಸರು ಸೇರಿ ಮಾಡಿದ ಚೀವರ ಅದು. ಹಲಸಿನ ಮರದ ಚೇಗು, ಅಂದರೆ ಒಳಗಿನ ಹಳದಿ ತಿರುಳು, ಸೀಳಿ, ಹಂಡೆಯಲ್ಲಿ ಕುದಿಸಿ, ಬಿಳಿ ಬಟ್ಟೆ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಎಲ್ಲರ ಅಂಗೈಯೂ ಹಳದಿಯಾಗಿತ್ತು. ಪ್ರತಿ ಮನೆಯವಳೂ ಅಂಚಿಗೆ ತನ್ನದೊಂದು ಹೊಲಿಗೆ ಹಾಕಿದ್ದಳು. ಕೊಡುವುದು ಯಾರು ಎಂದಾಗ ಪಕ್ಕದ ಮನೆಯ ಪ್ರೇಮಕುಮಾರಿ ತಟ್ಟನೆ ಹೇಳಿದ್ದಳು: "ಮಲ್ಲಿಗಕ್ಕನೇ ಕೊಡ್ಲಿ. ಅವರ ಕೈಗೆ ಕೈಯಾರೆ ಕೊಡ್ಬೇಕು."

ಕೈಗೆ ಕೈಯಾರೆ. ಆ ಮಾತಿನ ತೂಕ ಆ ಕೇರಿಯವರಿಗೇ ಗೊತ್ತು. ಮಲ್ಲಿಗಮ್ಮ ಹುಡುಗಿಯಾಗಿದ್ದಾಗಿನಿಂದ ಊರಿನೊಳಗಿನ ದೊಡ್ಡ ಮನೆಗೆ ಹೊಗೆಸೊಪ್ಪಿನ ಕೆಲಸಕ್ಕೆ ಹೋದವಳು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬೇಯಿಸಲು ಬ್ಯಾರನ್ನಿಗೆ, ಎಲೆ ಹದ ಮಾಡುವ ಬಿಸಿಮನೆಗೆ, ಏರಿಸಿ, ಇಳಿಸಿ, ಬಣ್ಣ ನೋಡಿ ಬೇರೆ ಮಾಡಿಡುವವರೆಗೂ ಅದೇ ಕೈ. ಆ ಕೈ ಕಟ್ಟಿದ ಎಲೆಗೆ ಮೈಲಿಗೆಯಿಲ್ಲ. ಅದನ್ನು ಮಾರಿ ಬಂದ ದುಡ್ಡಿಗಂತೂ ಇಲ್ಲವೇ ಇಲ್ಲ. ಕೈಗೆ ಮಾತ್ರ ಮೈಲಿಗೆ. ದೀಪಾವಳಿಗೆ ಆ ಮನೆಯ ಯಜಮಾನಿ ಸೀರೆ ಕೊಡುತ್ತಿದ್ದ ರೀತಿಯೇ ಬೇರೆ. ಜಗುಲಿಯ ಅಂಚಿಗೆ ಎಸೆದು ಒಳಗೆ ಹೋಗಿಬಿಡುವುದು. ಮಲ್ಲಿಗಮ್ಮ ಒಮ್ಮೆ ಕೈ ಚಾಚಿ ನಿಂತಿದ್ದಳು. ಯಜಮಾನಿ ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಸೀರೆ ಮಣ್ಣಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡಳು, ಉಟ್ಟಳು, ಹರಿಯುವವರೆಗೂ ಉಟ್ಟಳು. ಬಡವರು ಮತ್ತೇನು ಮಾಡುತ್ತಾರೆ?

"ಈಗ ಚೀವರ ಕೊಡೋದು ಹೇಗೆ ನೋಡೋಣ," ಅಂದಳು ಬಿಂದುಶ್ರೀ. "ಅತ್ತೆ, ಬನ್ನಿ. ಮನು, ನೆನಪಿದೆಯಲ್ಲ, ಹೆಂಗಸರ ಕೈ ತಾಗಬಾರದು."

ಮಲ್ಲಿಗಮ್ಮನಿಗೆ ಕೊನೆಯ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವಷ್ಟು ಹೊತ್ತಿರಲಿಲ್ಲ. ಅವಳು ಚೀಲದಿಂದ ಚೀವರ ತೆಗೆದು, ಮಂಡಿಯೂರಿ, ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಮನೋಹರನ ಕೈ ಬಂತು. ಬೆರಳಿಗೆ ಬೆರಳು ಇನ್ನೇನು ತಾಗಬೇಕು, ಅವನು ಕೆಂಡ ಮುಟ್ಟಿದವನಂತೆ ಸರಕ್ಕನೆ ಕೈ ಎಳೆದುಕೊಂಡ.

ಚೀವರ ನೆಲಕ್ಕೆ ಬಿತ್ತು.

ಯಾರೂ ನಗಲಿಲ್ಲ. ಮಲ್ಲಿಗಮ್ಮ ನೆಲದ ಬಟ್ಟೆಯನ್ನೂ ಸೋದರಳಿಯನ ಮುಖವನ್ನೂ ನೋಡಿದಳು. ಅವಳೇ ಎತ್ತಿ ಆಡಿಸಿದ ಮಗು. ಅವಳ ಕೈಯಿಂದ ಮುದ್ದೆ ತಿಂದ ಬಾಯಿ.

"ಯಾವನ್ಲಾ ನಿಂಗೆ ಏಳ್ಕೊಟ್ಟಿದ್ದು ಇಂಗೆ ಕೈ ಎಳ್ಕಳಾದ್ನ?"

"ಅತ್ತೆ, ನಾಟ್ಕ ಅಲ್ವಾ ಇದು…"

"ನಾಟ್ಕ ಆಡ್ದೋರ ಕೈ ಅಂಗೆ ಓಗಾಕಿಲ್ಲ ಕಣ್ಲಾ."

ಬಿಂದುಶ್ರೀ ನಡುವೆ ಬಂದಳು. "ಅತ್ತೆ, ಅವನು ತಪ್ಪು ಮಾಡಿದ. ಅಲ್ಲಿ ಯಾರೂ ಹಾಗೆ ಕೈ ಎಳೆದುಕೊಳ್ಳಲ್ಲ. ಭಿಕ್ಕು ಮುಂದೆ ಒಂದು ಬಟ್ಟೆ ಹಾಸ್ತಾರೆ, ಅದರ ತುದಿ ಹಿಡಿದುಕೊಂಡಿರ್ತಾರೆ. ನೀವು ಅದರ ಮೇಲೆ ಇಡಬೇಕು, ಅಷ್ಟೆ. ಭಿಕ್ಕು ಹೆಂಗಸನ್ನು ಮುಟ್ಟೋ ಹಾಗಿಲ್ಲ ಅನ್ನೋದು ಅವರ ವ್ರತ. ಕಟ್ಟಿರೋದು ಅವರನ್ನ, ನಿಮ್ಮನ್ನಲ್ಲ. ಹೆತ್ತ ತಾಯಿ ಕೊಟ್ಟರೂ ಹೀಗೇ ತಗೊಳ್ಳೋದು."

"ಎತ್ತೋಳ ಕೈನೂ ಬ್ಯಾಡ್ವಾ?" ಮಲ್ಲಿಗಮ್ಮ ಚೀವರ ಎತ್ತಿ ಧೂಳು ಕೊಡವಿದಳು. "ಜಾತಿ ನೋಡ್ದೆ ಎಲ್ಲಾ ಎಂಗಸ್ರನ್ನೂ ಒಂದೇ ಸಮ ದೂರ ಮಡಗವ್ರೆ, ಅದ್ಕೆ ನಾನು ಸಂತೋಷ ಪಡ್ಬೇಕಾ?"

ಥಾಯ್ಲೆಂಡಿನ ಆ ಮಳೆಗಾಲದಲ್ಲಿ ಬಿಂದುಶ್ರೀಯೂ ಇದನ್ನೇ ಯೋಚಿಸಿ ನುಂಗಿಕೊಂಡು ಬಂದಿದ್ದಳೆಂದು ಅವಳ ಮುಖವೇ ಹೇಳಿತು.

ಬೈರಯ್ಯ ಎದ್ದು ನಿಂತ. "ಅಷ್ಟಕ್ಕೆಲ್ಲ ಯಾಕೆ ರಂಪ? ನೀನು ನನ್ ಕೈಗೆ ಕೊಡು, ನಾನು ಅವರ ಕೈಗೆ ಕೊಡ್ತೀನಿ. ಗಂಡಸ್ರು ಕೊಡ್ಬೋದಲ್ವೇನವ್ವ ಬಿಂದು?"

"ಕೊಡಬಹುದು ಮಾವ. ಹಾಗೂ ಮಾಡ್ತಾರೆ."

"ನನ್ ಕೈಯಾಗಿದ್ದುದ್ದು ನಿನ್ ಕೈ ದಾಟುದ್ರೆ ಶುದ್ಧ ಆಯ್ತದಾ?" ಮಲ್ಲಿಗಮ್ಮ ಗಂಡನ ಕಡೆ ತಿರುಗಿದಳು. "ಹಂಡೆ ಮುಂದೆ ಹೊಗೆ ಕುಡ್ಯಾವಾಗ ಎಲ್ಲಿದ್ದೆ ನೀನು? ಬಂದ್ಬುಟ್ಟ, ಶುದ್ಧಿ ಮಾಡಾಕೆ!"

ಬೈರಯ್ಯ ಕೂತ. ಮಲ್ಲಿಗಮ್ಮ ಚೀವರವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದು ಹೋದಳು.

ಕೆಳಗೆ ವಿಹಾರದ ಕಟ್ಟೆಯ ಮೇಲೆ ಕೂತಾಗ ಅವಳಿಗೆ ಅಳು ಬರಲಿಲ್ಲ, ಲೆಕ್ಕಾಚಾರ ಶುರುವಾಯಿತು. ಹೋಗುವುದೇ ಬೇಡವೆ? ಹೋಗದಿದ್ದರೆ ಬೈರಯ್ಯನೋ ಇನ್ನೊಬ್ಬ ಗಂಡಸೋ ಕೊಡುತ್ತಾನೆ. ಹೊಲಿಗೆ ಹಾಕಿದ ಅಷ್ಟು ಹೆಂಗಸರು ಫೋಟೋದಲ್ಲೂ ಇರುವುದಿಲ್ಲ. ಹೋಗಿ ಬಟ್ಟೆಯ ಮೇಲೆ ಇಟ್ಟು ಬಂದರೆ, ಕೇರಿಗೆ ಏನು ಹೇಳುವುದು? ಜಗುಲಿ ಬದಲಾಗಿದೆ, ರೀತಿ ಅದೇ ಎಂದೇ? ಬುದ್ಧನ ಮನೆಯಲ್ಲೂ ಒಂದು ಜಗುಲಿಯಿದೆ ಎಂದೇ? ಒಂದು ಮನೆ ಬಿಟ್ಟು ಬರುವುದಕ್ಕೇ ಮೂರು ತಲೆಮಾರು ಬೇಕಾಯಿತು. ಬಂದ ಮನೆಯ ಸೂರಿನಲ್ಲೂ ಸೋರುವ ಜಾಗ ಕಂಡರೆ ಮತ್ತೆಲ್ಲಿಗೆ ಹೋಗುವುದು?

ಬೆಡ್‌ಶೀಟ್ ಬಿಚ್ಚಿ ಮನೋಹರ ಇಳಿದು ಬಂದ. ಹೆಗಲ ಮೇಲೆ ಟವೆಲ್ಲಿತ್ತು. ಒಂದಿಷ್ಟು ದೂರದಲ್ಲಿ ಕೂತ.

"ಒಡೀತೀಯಾ ಅಂತ ದೂರ ಕೂತಿದೀನಿ."

"ಒಡೀಬೇಕು ನಿಂಗೆ."

"ಅತ್ತೆ, ಅಕ್ಕ ಕೈ ತಾಗ್ಬಾರ್ದು ಅಂದ್ಲಲ್ಲ. ತಾಗ್ದಂಗೆ ಇರಾದು ಅಂದ್ರೆ ನಂಗೆ ಒಂದೇ ತರ ಗೊತ್ತು. ಡ್ಯೂಟಿಗೆ ಸೇರ್ದ ಹೊಸ್ತರಲ್ಲಿ ಒಂದು ಸ್ಟಾಪಲ್ಲಿ ಒಬ್ಬ ಅಜ್ಜ ಬಸ್ ಅತ್ತೋನು. ನಾನು ಕೇರಿಯೋನು ಅಂತ ಗೊತ್ತಿತ್ತು ಅವನಿಗೆ. ಟಿಕೇಟು ಕೊಡಾಕೋದ್ರೆ ಕೈ ಎಳ್ಕಳೋನು. 'ಸೀಟ್ ಮೇಲಾಕಯ್ಯ' ಅನ್ನೋನು. ಅವನ್ದೇ ಕೈ ಬಂದ್ಬುಡ್ತು ಅತ್ತೆ ನನ್ ಮೈಯೊಳ್ಗೆ."

ಮಲ್ಲಿಗಮ್ಮ ಚೀವರದ ಅಂಚಿನ ಹೊಲಿಗೆಗಳ ಮೇಲೆ ಬೆರಳಾಡಿಸಿದಳು. ಈ ನಾಡು ಮಾಡಿದ ಎಷ್ಟೋ ಅನ್ಯಾಯಗಳಲ್ಲಿ ಇದೂ ಒಂದು: ಮುಟ್ಟದೆ ಇರಲು ಬೇರೆ ಕಾರಣವೂ ಇರಬಹುದೆಂದು ನಂಬುವುದಕ್ಕೂ ಅದು ತಮ್ಮ ಮಕ್ಕಳಿಗೆ ಜಾಗ ಬಿಟ್ಟಿಲ್ಲ.

"ಟವಲ್ ಆಸು," ಅಂದಳು ಕೊನೆಗೆ.

ಮನೋಹರ ಕಟ್ಟೆಯ ಮೇಲೆ ಟವೆಲ್ ಹಾಸಿ ತನ್ನ ಕಡೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದ. ಮಲ್ಲಿಗಮ್ಮ ಈಚೆ ತುದಿಯಲ್ಲಿ ಚೀವರ ಇಟ್ಟಳು. ಅವನು ಎಳೆದುಕೊಳ್ಳಲಿಲ್ಲ, ಎಸೆಯಲಿಲ್ಲ, ಎದ್ದು ಒಳಗೂ ಹೋಗಲಿಲ್ಲ. ಹಿಡಿದೇ ಇದ್ದ. ಅವನ ಹಿಡಿತಕ್ಕೆ ಟವೆಲ್ ಸ್ವಲ್ಪ ಬಿಗಿಯಾಯಿತು. ಆ ಬಿಗಿ ಚೀವರದ ಮೇಲೇ ಇದ್ದ ಅವಳ ಅಂಗೈಗೂ ತಿಳಿಯಿತು. ಜಗುಲಿಯ ಮೇಲೆ ಸೀರೆ ಬಿದ್ದಾಗ ಆಚೆ ತುದಿಯಲ್ಲಿ ಯಾರೂ ಇರುತ್ತಿರಲಿಲ್ಲ.

"ಬ್ಯಾರೆ ಅನ್ನುಸ್ತದೆ," ಅಂದಳು. "ಆದ್ರೂ ಸರಿ ಅನ್ನುಸಾಕಿಲ್ಲ."

ಬಿಂದುಶ್ರೀ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಸರಿ ಅಂತ ನಾನೂ ಹೇಳಲಿಲ್ಲ ಅತ್ತೆ. ಪದ್ಧತಿ ಅಂತ ಹೇಳಿದೆ."

"ಅವರ ಪದ್ಧತಿ ನಮಗೆ ಬೆಳಗ್ಗಿಂದ ಕೂರುಸ್ಕಂಡು ಏಳ್ಕೊಟ್ಟೆ. ಕಾಲು ಅತ್ಲಾಗೆ ಮಡುಗ್ಬ್ಯಾಡಿ, ತಲೆ ಮುಟ್ಬ್ಯಾಡಿ. ಒಳ್ಳೇದೇ, ಬ್ಯಾರೆಯೋರ ಅಟ್ಟಿಗೆ ಓಗಾವಾಗ ತಿಳ್ಕಂಡೋಗ್ಬೇಕು. ಆದ್ರೆ ನಮ್ಮನ್ನ ಕರ್ದಿರೋರಿಗೆ ಯಾರವ್ವ ಕ್ಲಾಸ್ ತಗಂಡಿರೋದು? ಬರೋ ಜನ ಎಂಥೋರು, ಅವರ ಕೈ ಏನೇನು ಕಂಡದೆ, ಅವರ ಮುಂದೆ ಕೈ ಇಂದಕ್ಕೆ ಓದ್ರೆ ಏನಾಯ್ತದೆ ಅಂತ ಅವರಿಗೆ ಯಾರು ಏಳವ್ರೆ?"

"ಯಾರೂ ಹೇಳಿಲ್ಲ," ಅಂದಳು ಬಿಂದುಶ್ರೀ.

"ಅವರ ಮಾತು ನಿಂಗೆ ಬತ್ತದಲ್ಲ?"

"ಕೆಲಸ ನಡೆಸೋವಷ್ಟು ಬರುತ್ತೆ."

"ಸಾಕು."

ಸಂಜೆ ಕೇರಿಯಲ್ಲಿ ಹೆಂಗಸರು ಮಲ್ಲಿಗಮ್ಮನ ಮನೆಯ ಮುಂದೆ ಸೇರಿದರು. ಬಿಂದುಶ್ರೀಯೂ ಜೊತೆಗೇ ಬಂದಿದ್ದಳು. ಮಲ್ಲಿಗಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು: ಭಿಕ್ಕು ಹೆಂಗಸರ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಬಟ್ಟೆಯ ಮೇಲೆ ಇಡಬೇಕು, ತುದಿ ಹಿಡಿದಿರುತ್ತಾರೆ.

ಪ್ರೇಮಕುಮಾರಿ ಸಿಡಿದಳು. "ಅಂಗಾರೆ ಕೊಡಾದೇ ಬ್ಯಾಡ ಮಲ್ಲಿಗಕ್ಕ. ನಮ್ ಮಕ್ಳಿಗೆ ಅಂಗಿ ಒಲಿಸ್ತೀವಿ."

"ಇಲ್ಲ ಕಣೇ. ಕೊಟ್ಟೇ ಬತ್ತೀನಿ. ಬಟ್ಟೆ ಮೇಲೇ ಮಡುಗ್ತೀನಿ, ಅವರ ವ್ರತ ನಾನು ಕೆಡ್ಸಾಕಿಲ್ಲ. ಗಂಡಸ್ರ ಕೈಗೆ ಮಾತ್ರ ಕೊಡಾಕಿಲ್ಲ. ಮಡಗಾಕೆ ಮುಂಚೆ ಒಂದು ಮಾತು ಏಳ್ತೀನಿ. ಬಿಂದು ಅವರ ಮಾತಲ್ಲಿ ಏಳ್ತಾಳೆ."

"ತುಂಬಾ ಜನ ಸಾಲಲ್ಲಿರ್ತಾರೆ ಅತ್ತೆ," ಅಂದಳು ಬಿಂದುಶ್ರೀ. "ಉದ್ದ ಭಾಷಣ ಆಗಲ್ಲ. ಏರು ದನೀಲೂ ಆಗಲ್ಲ, ಅಲ್ಲಿ ಕೂಗಾಡಿದರೆ ಹೇಳಿದ್ದು ಯಾರಿಗೂ ಕೇಳಿಸಲ್ಲ."

ಹೆಂಗಸರು ಮಾತು ಜೋಡಿಸಲು ಕೂತರು. ಒಬ್ಬಳು ಬ್ಯಾರನ್ನಿನ ಬಿಸಿ ಹೇಳಬೇಕೆಂದಳು, ಇನ್ನೊಬ್ಬಳು ಬಾವಿಯ ವಿಷಯ, ಮತ್ತೊಬ್ಬಳು ಅಂಗನವಾಡಿಯಲ್ಲಿ ಸೊಸೆ ಮಾಡಿದ ಅಡುಗೆಯನ್ನು ಮಕ್ಕಳು ಉಣ್ಣದೆ ಎದ್ದು ಹೋದ ದಿನ. ಆ ದಿನ ಬಹಳ ಹಿಂದಿನದಲ್ಲ. ಹೇಳಿದ್ದೆಲ್ಲ ನಿಜ, ಹೇಳಿದ್ದೆಲ್ಲ ಉದ್ದ. ಬಿಂದುಶ್ರೀ ಪ್ರತಿಯೊಂದನ್ನೂ ಮನಸ್ಸಿನಲ್ಲೇ ಆ ಭಾಷೆಗೆ ತಿರುಗಿಸಿ ನೋಡಿ ತಲೆಯಾಡಿಸುತ್ತಿದ್ದಳು.

ಎಲ್ಲರೂ ಸುಸ್ತಾದ ಮೇಲೆ ಮಲ್ಲಿಗಮ್ಮ ಮೆಲ್ಲಗೆ, ಯಾರ ಮುಖವನ್ನೂ ನೋಡದೆ ಹೇಳಿದಳು: "'ನಮ್ಮೂರಾಗೆ ಈ ಕೈಯಿಂದ ಯಾರೂ ಏನೂ ಈಸ್ಕತಿರ್ನಿಲ್ಲ. ನೀವೂ ಈಸ್ಕಳಾಕಿಲ್ಲ ಅಂದ್ರೆ, ಯಾಕೆ ಅಂತ ನನ್ ಮಖ ನೋಡಿ ಏಳಿ. ಆಮ್ಯಾಕೆ ಮಡುಗ್ತೀನಿ.' ಇಷ್ಟನ್ನ ಏಳ್ತೀಯಾ?"

ಬಿಂದುಶ್ರೀ ಸ್ವಲ್ಪ ಹೊತ್ತು ತುಟಿ ಆಡಿಸಿದಳು. "ಆಗುತ್ತೆ ಅತ್ತೆ. ಇದು ಆಗುತ್ತೆ."

"ಏಳ್ತಾರಾ ಅವರು?" ಪ್ರೇಮಕುಮಾರಿ ಕೇಳಿದಳು.

"ಗೊತ್ತಿಲ್ಲ ಕಣೇ. ಆ ದೊಡ್ಮನೆ ಜಗುಲೀಲಿ ನಾನು ಕೇಳ್ನೇ ಇಲ್ವಲ್ಲ, ಇಲ್ಲಾದ್ರೂ ಕೇಳ್ತೀನಿ."