ಬೆಚ್ಚಗಿನ ಕಾಲಿನ ಸುಳ್ಳು

ಇಸ್ತ್ರಿಯವನಿಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಹೇಳದವರಿಗೆ ಅವನೇ ಹೇಳುತ್ತಿದ್ದ. ಎರಡು ತಿಂಗಳಾದರೂ ಅವನ ಬಲಗಾಲಿನ ಹೆಬ್ಬೆರಳ ಹುಣ್ಣು ಮಾಯಲಿಲ್ಲ. ಕಾಲಿನ ಚರ್ಮದಲ್ಲಿ ರಕ್ತ ಎಷ್ಟು ಹರಿಯುತ್ತಿದೆಯೋ ಅಳೆಸಿಕೊಂಡು ಬನ್ನಿ ಎಂದು ಡಾಕ್ಟರು ಚೀಟಿ ಬರೆದರು. ಮುಂದಿನದನ್ನು ಅವನೇ ಊಹಿಸಿಕೊಂಡ: ಅಂಕಿ ಕಡಿಮೆ ಬಂದರೆ ಕಾಲು ಕತ್ತರಿಸುತ್ತಾರೆ. ಮೂವತ್ತು ವರ್ಷ ನಿಂತೇ ದುಡಿದವನ ಕಾಲು!

ಆಸ್ಪತ್ರೆಯ ವರಾಂಡದಲ್ಲಿ ಹೆಂಡತಿಯ ಚೀಲದಿಂದ ಹಾಟ್‌ಬಾಕ್ಸ್ ತೆಗೆಸಿದ. ಒಳಗಿದ್ದದ್ದು ಊಟವಲ್ಲ, ಇಸ್ತ್ರಿ ಹಾಕಿ ಬಿಸಿಬಿಸಿಯಾಗಿ ಮಡಚಿಟ್ಟ ಟವೆಲ್ಲುಗಳು.

"ರೀ, ಮಿಷನ್ನಿಗೂ ಚಳ್ಳೆಹಣ್ಣು ತಿನ್ನಿಸ್ತೀರಾ?" ಎಂದಳು ಹೆಂಡತಿ.

"ಸುಮ್ನಿರೇ. ಬಿಸಿ ತಾಗಿದ್ರೆ ರಕ್ತ ಓಡಿ ಬರುತ್ತೆ."

ಪುಣ್ಯಾತ್ಮನಿಗೆ ಅಷ್ಟು ಮಾತ್ರ ನಿಜವಾಗಿ ಗೊತ್ತಿತ್ತು. ಕರೆ ಬರುವವರೆಗೂ ಬಲಪಾದಕ್ಕೆ ಟವೆಲ್ಲು ಸುತ್ತಿಕೊಂಡು ಕೂತ.

ಒಳಗೆ ಅಳೆಯುವ ಹುಡುಗಿ ಅವನನ್ನು ಮಲಗಿಸಿ, ಎರಡೂ ಪಾದಗಳ ಮೇಲೆ ಮಿಷನ್ನಿಗೆ ಸೇರಿಸಿದ, ಗುಂಡಿಯಷ್ಟು ಗಾತ್ರದ ಬಿಲ್ಲೆ ಅಂಟಿಸಿದಳು. ಹತ್ತು ನಿಮಿಷ ಅಲ್ಲಾಡಬಾರದು, ಮಾತೂ ಆಡಬಾರದು. ಅಲ್ಲಾಡದಿರುವುದು ಸುಲಭವಾಗಿತ್ತು.

"ಆಶ್ಚರ್ಯ! ಹುಣ್ಣಿರೋ ಕಾಲಲ್ಲೇ ರಕ್ತ ಜೋರಾಗಿದೆ," ಎಂದಳು ಕೊನೆಗೆ. ಅವನು ಮಲಗಿದಲ್ಲೇ ಮೀಸೆ ತಿರುವಿದ.

"ಹಾಗಾದ್ರೆ ಆಪರೇಷನ್ ಬೇಕಾಗಲ್ಲ ಅನ್ಸುತ್ತೆ, ಯಜಮಾನ್ರೇ. ಡಾಕ್ಟ್ರಿಗೆ ಇದನ್ನೇ ಬರೀತೀನಿ."

"ಕತ್ತರಿಸಲ್ಲ ತಾನೇ?"

"ಕತ್ತರಿಸೋದಾ? ಯಾರು ಹೇಳಿದ್ದು? ರಕ್ತ ಕಮ್ಮಿ ಇದ್ರೆ, ಕಟ್ಟಿಕೊಂಡಿರೋ ರಕ್ತನಾಳ ಬಿಡಿಸಿ ಕಾಲು ಉಳಿಸೋಕೆ ನೋಡ್ತಾರೆ. ಗೊತ್ತಾಗದೆ ಹಾಗೇ ಬಿಟ್ರೆ, ಆಮೇಲೆ ಕತ್ತರಿಸೋ ಪರಿಸ್ಥಿತಿ ಬರಬಹುದು."

ಹುಡುಗಿ ಪೆನ್ನು ಎತ್ತಿಕೊಂಡಳು. ಬಾಯಿಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಕಾಲು.

"ಬರೀಬೇಡಿ ಮೇಡಂ," ಎಂದ ಕಡೆಗೆ. "ನಾನು ಕಾಪಿ ಹೊಡೆದಿದೀನಿ."

ಟವೆಲ್ಲಿನ ಕಥೆ ಕೇಳಿ ಹುಡುಗಿಗೆ ನಗು ತಡೆಯಲಾಗಲಿಲ್ಲ. ಮರುಕ್ಷಣವೇ ಪಾದವನ್ನು ತಿರುಗಿಸಿ, ಎಲ್ಲಾದರೂ ಸುಟ್ಟಿದೆಯೇ ಎಂದು ನೋಡಿ ಚೆನ್ನಾಗಿ ಬೈದಳು. ಒಂದು ಗಂಟೆ ಬರಿಗಾಲು ಚಾಚಿಕೊಂಡು ಕಾಯಿರಿ ಎಂದಳು. ಇಂಗು ತಿಂದ ಮಂಗನಂತೆ ಕಾದ. ಪಕ್ಕದಲ್ಲಿ ಕೂತ ಹೆಂಡತಿ ಒಂದು ಮಾತೂ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹುಡುಗಿ ಮತ್ತೆ ಬಿಲ್ಲೆ ಅಂಟಿಸಿದಳು. ಬಲಗಾಲಿನ ಅಂಕಿ ಇಳಿಯಿತು, ಎಡಗಾಲಿನದರ ಅರ್ಧವೂ ಇಲ್ಲದಷ್ಟು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ತಲೆಯೆತ್ತಿ, ಪರೀಕ್ಷೆ ಬರೆದ ಮಗುವಿನಂತೆ ಹುಡುಗಿಯ ಮುಖ ನೋಡಿದ.

"ಇಷ್ಟು ಕಮ್ಮಿ ಸಾಕಾ, ಮೇಡಂ?"