ಕಣ್ಣಿನ ಗಾಡಿಯ ನೆಲ

ಮಟಕಿ ಎಂಬ ಊರಿನ ಕಣ್ಣಿನ ಶಿಬಿರ ಮುಗಿಸಿ ಜೇವರ್ಗಿಗೆ ಬರುವಾಗ ಗಂಗಾಬಾಯಿಯ ಬಲಗಾಲು ಗಾಡಿಯ ನೆಲದೊಳಗೆ ಮೊಣಕಾಲಿನ ತನಕ ಇಳಿದುಹೋಯಿತು. ಗಾಡಿ ಓಡುತ್ತಿತ್ತು. ಔಷಧದ ಬಾಟಲಿ ಉರುಳಿತೆಂದು ಎದ್ದು ಎರಡು ಹೆಜ್ಜೆ ಇಟ್ಟಿದ್ದಳು, ಮೂರನೆಯ ಹೆಜ್ಜೆಗೆ ಕೆಳಗೆ ಏನೂ ಇರಲಿಲ್ಲ. ಚಪ್ಪಲಿ ಕಳಚಿ ಬಿತ್ತು. ಹರಿದ ರಬ್ಬರ್ ಹಾಸಿನ ಸಂದಿಯಲ್ಲಿ ಡಾಂಬರು ರಸ್ತೆ ಹಿಂದಕ್ಕೆ ಓಡುವುದು ಕಂಡಿತು, ಅದರ ಗೇಣು ಮೇಲೆ ಅವಳ ಬರಿಗಾಲು. ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಮುಂದಿನ ತಗಡಿನ ಗೋಡೆಯನ್ನು ಮುಷ್ಟಿಯಿಂದ ಗುದ್ದಿದಳು. ಡ್ರೈವರ್ ದೌಲತರಾಯ ಗಾಡಿ ನಿಲ್ಲಿಸಿ ಹಿಂದೆ ಬಂದಾಗ ಅವಳು ಎರಡೂ ಕೈಯಿಂದ ಮಂಚದ ಕಾಲು ಹಿಡಿದುಕೊಂಡು ಕೂತಿದ್ದಳು. ಬೆರಳು ಬಿಡಿಸಲು ಅವನೇ ಬೇಕಾಯಿತು.

ಅದು ೧೯೮೬ರ ಮಳೆಗಾಲ. ಊರೂರು ತಿರುಗಿ ಕಣ್ಣು ನೋಡುವ ಆ ಗಾಡಿಗೆ ಜನ ಕಣ್ಣಿನ ಗಾಡಿ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಗಂಗಾಬಾಯಿ ಅದರ ನರ್ಸು. ತಿಂಗಳಿಗೆ ಇಪ್ಪತ್ತು ದಿನ ಅದೇ ಅವಳ ಮನೆ. ಒಳಗೆ ಒಂದು ಮಂಚ, ಒಂದು ಸ್ಟೋವು, ಔಷಧದ ಕಪಾಟು, ಮೂಲೆಯಲ್ಲಿ ನೀರಿನ ಟಾಕಿ. ಟಾಕಿಯ ನಲ್ಲಿ ಎರಡು ವರ್ಷದಿಂದ ಸೋರುತ್ತಿತ್ತು. ಅವಳು ಕೆಳಗೆ ಡಾಲ್ಡಾ ಡಬ್ಬಿ ಇಟ್ಟು, ತುಂಬಿ ಚೆಲ್ಲಿದರೆ ಒರೆಸಿ, ಯಾರಿಗೂ ಹೇಳದೆ ಇದ್ದಳು. ಹೇಳಿದರೆ ಗಾಡಿಯನ್ನು ರಿಪೇರಿಗೆಂದು ನಿಲ್ಲಿಸಿ, ತನ್ನನ್ನು ಆಸ್ಪತ್ರೆಯ ವಾರ್ಡಿಗೆ ಹಾಕುತ್ತಾರೆ ಎಂಬ ಹೆದರಿಕೆ. ವಾರ್ಡಿನ ಗೋಡೆಗಳ ನಡುವೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಜೇವರ್ಗಿಯ ಹೊರಗೆ, ಬಿಜಾಪುರದ ರಸ್ತೆಗೆ ಅಂಟಿಕೊಂಡಿದ್ದ, ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುವ ಮಹಮ್ಮದ ಮಿಸ್ತ್ರಿಯ ಅಂಗಡಿಗೆ ದೌಲತರಾಯ ಗಾಡಿ ತಂದು ನಿಲ್ಲಿಸಿದ. ಐವತ್ತೈದರ ಮನುಷ್ಯ, ಮಾತು ಕಮ್ಮಿ. ರಬ್ಬರ್ ಹಾಸು ಕಿತ್ತು, ಕೆಳಗಿನ ನೆಲದ ಪ್ಲೈವುಡ್ಡಿಗೆ ಉಳಿ ಚುಚ್ಚಿದ. ಉಳಿ ಹಿಡಿಯ ತನಕ ಒಳಗೆ ಹೋಯಿತು. ಬೆರಳಿಗೆ ಬಂದ ಕಟ್ಟಿಗೆಯನ್ನು ಹಿಚುಕಿದರೆ ಒದ್ದೆ ಹಿಟ್ಟು.

"ಬಾಯೋರ, ಇದರ ಮ್ಯಾಲ ನೀವು ಇಷ್ಟು ದಿನ ಹ್ಯಾಂಗ ಮಲಗಿದ್ರಿ?" ಎಂದ.

"ರವಿವಾರ ಘತ್ತರಗಿಗೆ ಮುಟ್ಟಬೇಕ್ರಿ. ಆಪರೇಶನ್ ಆದ ಹದಿನೇಳು ಮಂದಿ ಹೊಲಿಗಿ ಬಿಚ್ಚಸ್ಕೊಳ್ಳಾಕ ಕಾಯ್ತಾರ," ಎಂದಳು ಗಂಗಾಬಾಯಿ.

"ಪ್ಲೈವುಡ್ ಬ್ಯಾಡ. ಸಾಗವಾನಿ ಹಲಗಿ ಹಾಕ್ತೇನಿ. ಎರಡು ದಿನ ಕೊಡ್ರಿ."

ಎರಡನೆಯ ದಿನ ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಒಂದು ಹಲಗೆ ಬಿಟ್ಟು ಎಲ್ಲ ಕೂಡಿತ್ತು. ಗಾಡಿಯ ಎಡಗಡೆಯ ಹಿಂದಿನ ಗಾಲಿ ಬಿಚ್ಚಿ, ಪಂಕ್ಚರ್ ಹಾಕಿಸಲು ದೌಲತರಾಯ ಊರೊಳಗೆ ಒಯ್ದಿದ್ದ. ಮಿಸ್ತ್ರಿಯ ಹೆಂಡತಿ ಜೈತುನಬಿ ಸಂತೆಗೆ ಹೋಗಿದ್ದಳು. ಗಾಡಿ ಆ ಕಡೆ ಬರೀ ಜಾಕಿನ ಮೇಲೆ ನಿಂತಿತ್ತು. ಮಹಮ್ಮದ ಕೆಳಗೆ ಅಂಗಾತ ಮಲಗಿ ನಟ್ಟು ತಿರುಗಿಸುತ್ತಿದ್ದ. ಗಂಗಾಬಾಯಿ ಒಳಗೆ ಬಲಗಡೆ ಕೂತು, ಮೇಲಿನಿಂದ ಪಾನಾ ಹಾಕಿ ಬೋಲ್ಟಿನ ತಲೆ ಹಿಡಿಯುತ್ತಿದ್ದಳು. ಹಾಕದೆ ಉಳಿದ ಹಲಗೆಯ ಸಂದಿಯಲ್ಲಿ ಅವನ ಮುಖ ಕಾಣುತ್ತಿತ್ತು.

ಹಿಂದಿನ ದಿನವಷ್ಟೇ ಜೋರು ಮಳೆಯಾಗಿತ್ತು. ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಎರೆಮಣ್ಣು ಹಸಿಯಿತ್ತು. ಜಾಕಿನ ಕೆಳಗಿನ ಹಲಗೆ ತುಂಡು ಆ ಮಣ್ಣಿನಲ್ಲಿ ಮೆಲ್ಲಗೆ ಒಂದು ಕಡೆ ವಾಲಿತು. ಗಾಡಿ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಎಡಕ್ಕೆ ಇಳಿಯಿತು.

"ಬಾಯೋರ, ಅಲ್ಲಾಡಬ್ಯಾಡ್ರಿ."

"ಏನಾತ್ರಿ ಮಿಸ್ತ್ರಿ?"

"ಜಾಕ್ ಹೂಳಾಕತ್ತದ. ಇದ್ದಲ್ಲೇ ಕೂಡ್ರಿ."

ಅವಳು ಸಂದಿಯಲ್ಲಿ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ಅವನ ಮೂಗಿಗೂ ಹಲಗೆಗೂ ಮೊಳದಷ್ಟು ಅಂತರವಿತ್ತು, ಈಗ ಗೇಣು. ಅವನು ಒಳಗೆ ತೂರಿದ್ದ ಎಡಗಡೆ, ಗಾಡಿಯ ಅಂಚು ನೆಲಕ್ಕೆ ಹತ್ತಿರಾಗಿ ದಾರಿ ಮುಚ್ಚಿತ್ತು. ಬಲಗಡೆ ಹೊರಳದಂತೆ ಗಾಡಿಯ ಅಡಿಯ ಕಬ್ಬಿಣದ ದಂಡ ಅವನ ತೊಡೆಯ ಮೇಲೆ ಅಡ್ಡ ಬಂದಿತ್ತು, ಒತ್ತಿರಲಿಲ್ಲ, ತಾಗಿತ್ತು.

"ನಾ ಇಳದು ಯಾರನ್ನರೆ ಕರಕೊಂಡು ಬರ್ತೇನ್ರಿ."

"ಬಾಗಲಾ ಈ ಕಡಿ ಅದ. ನೀವು ಈ ಕಡಿ ಕಾಲಿಟ್ರ ಗಾಡಿ ನನ್ನ ಮ್ಯಾಲ ಬರ್ತದ."

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಗಂಗಾಬಾಯಿ ಸರಳು ಹಾಕಿದ ಕಿಟಕಿಯತ್ತ ಮುಖ ಮಾಡಿ ಕೂಗಿದಳು. ಲಾರಿ ನಿಲ್ಲಲಿಲ್ಲ. ಆದರೆ ಅದು ಹೋದ ಅದುರಿಗೆ ನೆಲ ನಡುಗಿ ಗಾಡಿ ಇನ್ನೊಂದು ಬೆರಳು ಇಳಿಯಿತು. ಕೆಳಗಿನಿಂದ ಸಣ್ಣ ನರಳಿಕೆ ಕೇಳಿತು. ಆಮೇಲೆ ಅವಳಿಗೆ ಕೂಗಲೂ ಹೆದರಿಕೆಯಾಯಿತು. ಉಸಿರು ಜೋರಾಗಿ ಬಿಟ್ಟರೂ ಗಾಡಿ ಇಳಿದೀತು ಅನ್ನಿಸಿತು. ಇನ್ನೊಂದು ಲಾರಿ ದೂರದಲ್ಲಿ ಗೇರ್ ಬದಲಿಸುವ ಸದ್ದು ಬಂದಾಗ ಅವಳು ಬಲಗಡೆಯ ಗೋಡೆಗೆ ಇನ್ನಷ್ಟು ಒತ್ತಿ ಕೂತಳು.

"ಎರಡು ಹಲಗಿ ಬಿಚ್ಚಬೇಕ್ರಿ," ಮಹಮ್ಮದ ಕೆಳಗಿನಿಂದ ಮೆಲ್ಲಗೆ ಹೇಳಿದ. "ಹಲಗಿ ತಗದ್ರ ನಾ ಅಲ್ಲಿಂದ ಮ್ಯಾಲ ಬರ್ತೇನಿ. ನೀವು ಹೊಟ್ಟಿ ಮ್ಯಾಲ ಮಲಗ್ರಿ. ನಟ್ಟು ನಾ ಬಿಚ್ತೇನಿ, ತಲಿ ನೀವು ಹಿಡೀರಿ."

ಒಂದೊಂದು ಹಲಗೆಗೆ ನಾಲ್ಕು ಬೋಲ್ಟು. ಒಂದು ತಾಸಿನ ಹಿಂದೆ ಇಬ್ಬರೂ ಸೇರಿ ಬಿಗಿದದ್ದೇ. ಗಂಗಾಬಾಯಿ ಬೋರಲು ಮಲಗಿ ಕೈ ಚಾಚಿ ಪಾನಾ ಹಾಕಿದಳು. ಪಾನಾ ಬೋಲ್ಟಿನ ಮೇಲೆ ಕಟಕಟ ಎಂದಿತು. ಸಾವಿರಾರು ಕಣ್ಣಿಗೆ ಹನಿ ಹಾಕಿದ ಕೈ ಅದು.

"ನಿಮ್ಮ ಕೈ ನಡಗಾಕತ್ತದ," ಎಂದ ಮಹಮ್ಮದ.

"ನಿಮ್ಮದು?"

"ನಂದೂ."

ಒಂದು ನಟ್ಟು ಬಿಚ್ಚಿತು. ಇನ್ನೊಂದು ಬಿಚ್ಚಿತು. ಆಮೇಲೆ ಕೆಳಗೆ ಸದ್ದೇ ಇಲ್ಲ. "ಮಾತಾಡ್ರಿ ಮಿಸ್ತ್ರಿ. ಸುಮ್ಮನಿರಬ್ಯಾಡ್ರಿ."

"ದುವಾ ಓದಾಕತ್ತಿದ್ದೆ."

"ಜೋರಾಗಿ ಓದ್ರಿ."

ಅವನು ಓದಿದ. ಅದು ಕೇಳುತ್ತ ಅವಳಿಗೆ ತಡೆಯಲಾಗದೆ, "ಆ ನಲ್ಲಿ ಸೋರೂದು ನನಗ ಗೊತ್ತಿತ್ತು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ನನ್ನಿಂದ ನೀವು ಇದರ ಕೆಳಗ ಸಿಕ್ಕೀರಿ," ಎಂದಳು.

ಅವನು ಓದುವುದು ನಿಲ್ಲಿಸಿದ. "ಮೂರನೇ ಬೋಲ್ಟ್ ಹಿಡೀರಿ," ಎಂದ.

ಏಳನೆಯ ಬೋಲ್ಟಿಗೆ ಮತ್ತೊಂದು ಲಾರಿ ಬಂತು. ಅದು ಹತ್ತಿರಾಗುವುದನ್ನು ಕೇಳುತ್ತ ಇಬ್ಬರೂ ಕೈ ನಿಲ್ಲಿಸಿದರು. ಹಾದುಹೋದ ಮೇಲೆ ಕಬ್ಬಿಣ ಮಣ್ಣಿನಲ್ಲಿ ಜಾರುವ ಸದ್ದು. ಅವನ ಮುಖ ಹಲಗೆಗೆ ತಾಗುವಷ್ಟು ಮೇಲೆ ಬಂದಂತೆ ಕಂಡಿತು. ಬಂದದ್ದು ಮುಖವಲ್ಲ, ಹಲಗೆಯೇ ಇಳಿದಿತ್ತು. "ಜಲ್ದಿ," ಎಂದನಷ್ಟೇ. ಎಂಟನೆಯ ನಟ್ಟು ಬಿದ್ದದ್ದೇ ಅವಳು ಹಲಗೆಗಳನ್ನು ಎತ್ತಿ ಹಿಂದಕ್ಕೆಸೆದಳು. ಮೊದಲು ಎರಡು ಕೈ ಬಂದವು, ಆಮೇಲೆ ತಲೆ. ಭುಜ ಸಿಕ್ಕಿಬಿತ್ತು. ಅವಳು ಅಂಗಿಯ ಹಿಂಭಾಗ ಹಿಡಿದು ಎಳೆದಳು, ಅಂಗಿ ಹರಿಯಿತು, ಕಂಕುಳಿಗೆ ಕೈ ಹಾಕಿ ಮತ್ತೆ ಎಳೆದಳು. ಸೊಂಟ ಬಂತು, ಕಾಲು ಬಂದವು. ಇಬ್ಬರೂ ಬಲಗಡೆಯ ಗೋಡೆಗೆ ಒರಗಿ ಬಿದ್ದರು. ಸ್ವಲ್ಪ ಹೊತ್ತಿನಲ್ಲೇ ಜಾಕ್ ಪೂರ್ತಿ ಮಗುಚಿತು. ಗಾಡಿ ದಡಕ್ಕನೆ ಕೂತು ಕಪಾಟಿನ ಬಾಟಲಿಗಳೆಲ್ಲ ಉರುಳಿದವು. ಅವನು ಮಲಗಿದ್ದ ಜಾಗದಲ್ಲಿ ಕಬ್ಬಿಣದ ದಂಡ ಮಣ್ಣಿಗೆ ಕಚ್ಚಿ ನಿಂತಿತ್ತು.

ಮಹಮ್ಮದ ಅದನ್ನು ನೋಡಿದ. ತೊಡೆ ಮುಟ್ಟಿಕೊಂಡ.

ಮರುದಿನ ಹತ್ತು ಮಂದಿ ಸೇರಿ ಗಾಡಿಯನ್ನು ಎತ್ತಿ, ಗಾಲಿ ಕೂಡಿಸಿ, ಪರಸಿ ಕಲ್ಲು ಹಾಸಿದ ಗಟ್ಟಿ ಅಂಗಳಕ್ಕೆ ತಂದರು. ಹಿಂದಿನ ಎರಡೂ ಗಾಲಿಗಳಿಗೆ ಕಲ್ಲು ಕೊಟ್ಟರು. ಉಳಿದ ಮೂರು ಹಲಗೆ ಬಿಗಿಯಲೆಂದು ಮಹಮ್ಮದ ಗಾಡಿಯ ಕೆಳಗೆ ತೂರಲು ಮಂಡಿಯೂರಿದ, ಎದ್ದ. ಮತ್ತೆ ಮಂಡಿಯೂರಿದ, ಮತ್ತೆ ಎದ್ದ.

"ಮೂವತ್ತು ವರ್ಷ ಲಾರಿ ಕೆಳಗ ಮಲಗೀನಿ," ಎಂದ. "ಇವತ್ತ ಆಗವಲ್ದು."

ದೌಲತರಾಯನ ಹೊಟ್ಟೆ ಅಲ್ಲಿ ಹಿಡಿಯುವಂತಿರಲಿಲ್ಲ. ಗಂಗಾಬಾಯಿ ಸೀರೆಯ ಕಚ್ಚೆ ಬಿಗಿದುಕೊಂಡಳು.

"ಯಾವ ನಟ್ಟು ಎತ್ತಾಗ ತಿರುವಬೇಕು ಹೇಳ್ರಿ."

"ಬಾಯೋರ, ನಿಮಗ ಅಂಜಿಕಿ ಇಲ್ಲೇನ್ರಿ?"

"ಅದ ರೀ. ನೀವು ಮ್ಯಾಲ ಕುಂತು ಮಾತಾಡಕೋತ ಇರ್ರಿ."

ಅವಳು ಕೆಳಗೆ ತೂರಿದಳು. ಆಕಾಶ ಹೋಯಿತು, ಮೂಗಿನ ಮೇಲೆ ಕಬ್ಬಿಣ ಬಂತು, ಗ್ರೀಸಿನ ವಾಸನೆ. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಅವಳು ಕಣ್ಣು ಮುಚ್ಚಿದಳು. ಅಂಗಳ ಅಲುಗಲಿಲ್ಲ, ಆದರೂ ಮುಚ್ಚಿದಳು. ಮಾತು ಕಮ್ಮಿಯ ಮಹಮ್ಮದ ಮೇಲೆ ಬೋಲ್ಟಿನ ತಲೆ ಹಿಡಿದು ಮಾತಾಡುತ್ತಲೇ ಇದ್ದ. ತಾನು ಕಟ್ಟಿದ ಮೊದಲ ಲಾರಿ, ಬೀದರದಿಂದ ತಂದ ಕಟ್ಟಿಗೆ, ತನ್ನ ಅವ್ವ ಸುಲ್ತಾನಬಿಯ ಕೈಯಡುಗೆ. ಹನ್ನೆರಡು ನಟ್ಟು ಬಿಗಿಯುವ ತನಕ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಜೈತುನಬಿ ಬಗ್ಗಿ ಗಂಗಾಬಾಯಿಯ ಎರಡೂ ಕೈ ಹಿಡಿದು ಹೊರಗೆ ಎಳೆದಳು. ಸೆರಗಿನಿಂದ ಅವಳ ಮುಖದ ಗ್ರೀಸು ಒರೆಸುತ್ತ, "ನಿನ್ನಿ ರಾತ್ರಿ ಪೂರಾ ಈತ ಮಲಗಿಲ್ಲ ಬೇ," ಎಂದಳು ಮೆಲ್ಲಗೆ.

"ನಾನೂ ಮಲಗಿಲ್ಲ," ಎಂದಳು ಗಂಗಾಬಾಯಿ.

ಸಂಜೆ ಬಿಸಿಲಿರುವಾಗಲೇ ಗಾಡಿ ಘತ್ತರಗಿಯ ದಾರಿ ಹಿಡಿಯಿತು. ಗಂಗಾಬಾಯಿ ದೌಲತರಾಯನ ಪಕ್ಕ ಮುಂದೆ ಕೂತಿದ್ದಳು. ಹಿಂದೆ ಕೂರುವ ಧೈರ್ಯ ಬರಲು ಅವಳಿಗೆ ದೀಪಾವಳಿಯ ತನಕ ಬೇಕಾಯಿತು.